ಓದುಗರ ಪ್ರಶ್ನೆ: ವಿಕಾರ್ ಅಂದ್ರೆ ಯಾರು, ಯಾರ ಪರವಾಗಿ?

ಹಿಂದಿನ ಸಂಚಿಕೆಲಿ ಬಿಷಪ್ ನೇಮಕದ ಬಗ್ಗೆ ಉತ್ತರ ಬರೀವಾಗ 'ವಿಕಾರ್ ಜನರಲ್' ಅಂತ ಒಂದು ಮಾತು ಬಂದಿತ್ತು ಅಷ್ಟೇ, ಅದನ್ನ ಹಿಡ್ಕೊಂಡು ಇಷ್ಟು ಪತ್ರ ಬರುತ್ತೆ ಅಂತ ಅನ್ಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಜಮೀನು ಖಾತೆ, ಮಂಡಿನೋವು ಅಂತ ಬರೆದವರು ದಯವಿಟ್ಟು ಮುಂದಿನ ಸಂಚಿಕೆ ತನಕ ಕಾಯಿರಿ.

ಪ್ರಶ್ನೆ: ನಮ್ಮೂರಲ್ಲಿ ಹೊಸ ಚರ್ಚ್ ಉದ್ಘಾಟನೆ ಇತ್ತು. ಆಹ್ವಾನ ಪತ್ರಿಕೆಲಿ ಮುಖ್ಯ ಅತಿಥಿ ಹೆಸರಿನ ಕೆಳಗೆ 'ವಿಕಾರ ಜನರಲ್' ಅಂತ ಪ್ರಿಂಟ್ ಆಗಿತ್ತು, ಓದಿದವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಫ್ರೆಂಡ್ ಒಬ್ಬ ಹೇಳಿದ, ಪೋಪ್‌ಗೂ ವಿಕಾರ್ ಅಂತಾರಂತೆ, ಅವರ ಚರ್ಚಿನ ಫಾದರ್‌ಗೂ ವಿಕಾರ್ ಅಂತಾರಂತೆ. ಎಲ್ಲರಿಗಿಂತ ಮೇಲಿರೋರಿಗೂ ಊರಿನ ಪಾದ್ರಿಗೂ ಒಂದೇ ಪದವಿ ಹೆಸರು ಹೇಗೆ ಸಾರ್? (ಓದುಗರು, ಶಿವಮೊಗ್ಗ)

ಡಿಟಿಪಿ ಮಾಡೋರು ಕೊನೆಯ ಅರ್ಧಾಕ್ಷರ ನುಂಗಿಬಿಟ್ರೆ ಹೀಗೇ ಆಗೋದು. ನಮ್ಮ 'ವಿಕಾರ'ಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಸಂಸ್ಕೃತದ್ದು, ಇದು ಲ್ಯಾಟಿನ್‌ದು. ಲ್ಯಾಟಿನ್‌ನಲ್ಲಿ ವಿಕಾರಿಯುಸ್ ಅಂದ್ರೆ ಇನ್ನೊಬ್ಬರ ಜಾಗದಲ್ಲಿ ನಿಂತು ಕೆಲಸ ಮಾಡೋನು. ವೈಸ್ ಪ್ರೆಸಿಡೆಂಟ್, ವೈಸ್ ಚಾನ್ಸಲರ್, ವೈಸ್‌ರಾಯ್ ಇದ್ರಲ್ಲೆಲ್ಲ ಇರೋ 'ವೈಸ್' ಕೂಡ ಇದೇ ಬೇರಿಂದ ಬಂದಿದ್ದು. ತಾಲ್ಲೂಕು ಆಫೀಸಿಂದ ಬರೋ ಪತ್ರ ನೋಡಿರ್ತೀರಲ್ಲ, ಕೆಳಗೆ 'ತಹಶೀಲ್ದಾರರ ಪರವಾಗಿ' ಅಂತ ಇದ್ದು ಅದರ ಮೇಲೆ ಇನ್ಯಾರದೋ ಸಹಿ ಇರುತ್ತೆ, ಆ 'ಪರವಾಗಿ' ಅನ್ನೋದೇ ಒಂದು ಹುದ್ದೆ ಆದ್ರೆ ಅದು ವಿಕಾರ್. ಹಾಗಾಗಿ ವಿಕಾರ್ ದೊಡ್ಡೋರಾ ಚಿಕ್ಕೋರಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ, ಯಾರ ಪರವಾಗಿ ಅಂತ ಕೇಳ್ಬೇಕು, ಆಗ ಎಲ್ಲ ಬಿಡಿಸ್ಕೊಳ್ಳುತ್ತೆ.

ಈ ಪದ ಚರ್ಚ್‌ಗೆ ಬರೋ ಮೊದಲು ಎಲ್ಲೆಲ್ಲಿತ್ತು ಅಂತ ನೋಡಿದ್ರೆ ಮಜಾ ಇದೆ. ಹಳೇ ರೋಮ್‌ನಲ್ಲಿ ಗುಲಾಮನಿಗೂ ಒಬ್ಬ ಗುಲಾಮ ಇರಬಹುದಿತ್ತು, ಯಜಮಾನ ಬಿಟ್ಟುಕೊಟ್ಟ ದುಡ್ಡಲ್ಲಿ ಅವನು ತನ್ನ ಕೆಲಸಕ್ಕೆ ಅಂತ ಇಟ್ಕೊಂಡ ಆಳು, ಅಂಥ ಆಳಿನ ಆಳಿಗೆ ವಿಕಾರಿಯುಸ್ ಅಂತಿದ್ರು. ಅಲ್ಲಿಂದ ಪದ ಸೀದಾ ಸರ್ಕಾರಿ ಆಫೀಸಿಗೆ ಬಡ್ತಿ ತಗೊಳ್ತು. 284ರಲ್ಲಿ ಪಟ್ಟಕ್ಕೆ ಬಂದ ಡಯೊಕ್ಲೀಷಿಯನ್ ಚಕ್ರವರ್ತಿ ಸಾಮ್ರಾಜ್ಯದ ಪ್ರಾಂತ್ಯಗಳನ್ನ ಗುಂಪು ಮಾಡಿ ಒಂದೊಂದು ಗುಂಪಿಗೆ ಡಯೋಸಿಸ್ ಅಂತ ಹೆಸರಿಟ್ಟ, ಒಂದೊಂದು ಡಯೋಸಿಸ್ ಮೇಲೆ ಒಬ್ಬ ಅಧಿಕಾರಿ ಕೂರಿಸಿದ, ಆ ಅಧಿಕಾರಿ ಹೆಸರೇ ವಿಕಾರಿಯುಸ್, ಯಾಕಂದ್ರೆ ಅವನು ಪ್ರಿಫೆಕ್ಟ್ ಅನ್ನೋ ಮೇಲಿನ ಅಧಿಕಾರಿ ಪರವಾಗಿ ಆಡಳಿತ ನೋಡ್ತಿದ್ದ. ಅಂದ್ರೆ ಇವತ್ತು ನಾವು ಪಕ್ಕಾ ಚರ್ಚ್ ಪದಗಳು ಅನ್ಕೊಂಡಿರೋ ಡಯೋಸಿಸ್ (ಒಬ್ಬ ಬಿಷಪ್ ನೋಡ್ಕೊಳ್ಳೋ ಸೀಮೆ, ಕನ್ನಡದಲ್ಲಿ ಧರ್ಮಪ್ರಾಂತ್ಯ), ವಿಕಾರ್ ಎರಡೂ ರೋಮನ್ ಕಂದಾಯ ಇಲಾಖೆ ಕಡತದಿಂದ ಎದ್ದು ಬಂದಿರೋವು.

ಈಗ ಪೋಪ್. ಮೊದಲ ಕಾಲದ ಪೋಪ್‌ಗಳು ಹೆಚ್ಚಾಗಿ 'ಪೇತ್ರನ ವಿಕಾರ್' ಅಂತ ಕರ್ಕೋತಿದ್ರು, ಅಂದ್ರೆ ಯೇಸುವಿನ ಶಿಷ್ಯ ಸಂತ ಪೇತ್ರರ ಪರವಾಗಿ. ಆಗೆಲ್ಲ 'ಕ್ರಿಸ್ತನ ವಿಕಾರ್' ಅನ್ನೋದು ಪೋಪ್‌ಗೆ ಮಾತ್ರ ಮೀಸಲು ಇರಲಿಲ್ಲ, ಬೇರೆ ಬಿಷಪ್‌ಗಳಿಗೂ ಹೇಳ್ತಿದ್ರು, ಇನ್ನೂ ಹಿಂದೆ ಹೋದ್ರೆ ಟೆರ್ಟುಲಿಯನ್ ಅನ್ನೋ ಬರಹಗಾರ ಪವಿತ್ರಾತ್ಮನೇ ಪ್ರಭುವಿನ ವಿಕಾರ್ ಅಂತ ಬರೆದಿದ್ದಾನೆ. 1198ರಿಂದ 1216ರ ತನಕ ಇದ್ದ ಪೋಪ್ ಮೂರನೇ ಇನ್ನೊಸೆಂಟ್ ಬಂದ ಮೇಲೆ ಲೆಕ್ಕ ಬದಲಾಯ್ತು. ಅವರ ವಾದ ಏನಂದ್ರೆ ನಾವು ಪೇತ್ರರ ಉತ್ತರಾಧಿಕಾರಿ ಹೌದು, ಆದರೆ ಯಾವ ಮನುಷ್ಯನ ಪರವಾಗಿಯೂ ಅಲ್ಲ, ಕ್ರಿಸ್ತನ ಪರವಾಗಿ ಕೂತಿದೀವಿ ಅಂತ. ನೋಡಿ, ಪದ ಅದೇ, 'ಯಾರ' ಅನ್ನೋದನ್ನ ಬದಲಾಯಿಸಿದ ಕೂಡ್ಲೇ ಅಧಿಕಾರ ಎಲ್ಲಿಂದ ಎಲ್ಲಿಗೆ ಹೋಯ್ತು! ರಾಜಕೀಯ ಗೊತ್ತಿದ್ದ ಮನುಷ್ಯ ಅವರು. ಆಮೇಲೆ ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಸಭೆಲಿ, 1964ರ ದಾಖಲೆಲಿ, ಪ್ರತಿ ಬಿಷಪ್ಪೂ ತಮ್ಮ ಧರ್ಮಪ್ರಾಂತ್ಯ ನಡೆಸೋದು ಕ್ರಿಸ್ತನ ವಿಕಾರ್ ಆಗಿಯೇ ಅಂತ ಮತ್ತೆ ಸ್ಪಷ್ಟವಾಗಿ ಬರೆದ್ರು, ಬಿಷಪ್‌ಗಳು ಪೋಪ್‌ನ ಏಜೆಂಟ್‌ಗಳಲ್ಲ ಅನ್ನೋ ಅರ್ಥದಲ್ಲಿ. 2020ರ ವ್ಯಾಟಿಕನ್ ವಾರ್ಷಿಕ ಡೈರೆಕ್ಟರಿಲಿ ಪೋಪ್ ಫ್ರಾನ್ಸಿಸ್ ಹೆಸರು ದೊಡ್ಡದಾಗಿ ಹಾಕಿ, 'ಕ್ರಿಸ್ತನ ವಿಕಾರ್' ಮುಂತಾದ ಬಿರುದುಗಳನ್ನ ಕೆಳಗೆ 'ಐತಿಹಾಸಿಕ ಬಿರುದುಗಳು' ಅಂತ ಬೇರೆ ಮಾಡಿ ಹಾಕಿದ್ರು, ಕೆಲವರಿಗೆ ಅದು ಸರಿ ಕಾಣಲಿಲ್ಲ, ಗಲಾಟೆ ಆಯ್ತು.

ಪೋಪ್ ಅಂದ್ರೆ ರೋಮ್ ಊರಿನ ಬಿಷಪ್ ಕೂಡ. ಜಗತ್ತೆಲ್ಲ ನೋಡೋರಿಗೆ ಊರಿನ ಚರ್ಚುಗಳ ಕೆಲಸ ನೋಡಕ್ಕೆ ಟೈಮ್ ಎಲ್ಲಿ? ಅದಕ್ಕೆ ಒಬ್ಬರು ಕಾರ್ಡಿನಲ್ (ಪೋಪ್ ಆರಿಸಿದ ಹಿರಿಯ ಧರ್ಮಾಧಿಕಾರಿ) ಇರ್ತಾರೆ, ಅವರನ್ನ ಕಾರ್ಡಿನಲ್ ವಿಕಾರ್ ಅಂತಾರೆ. ವಿಕಾರ್‌ನ ವಿಕಾರ್! ರೋಮ್‌ನ ಆಳಿನ ಆಳು ನೆನಪಾದ್ರೆ ನನ್ನ ತಪ್ಪಲ್ಲ. ಪೋಪ್ ತೀರಿಕೊಂಡಾಗ ವ್ಯಾಟಿಕನ್‌ನ ಇಲಾಖೆ ಮುಖ್ಯಸ್ಥರ ಹುದ್ದೆಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಗೇ ನಿಂತು ಹೋಗುತ್ತೆ, ಆದರೆ ಈ ಕಾರ್ಡಿನಲ್ ವಿಕಾರ್ ಕೆಲಸ ನಿಲ್ಲಲ್ಲ, ಊರಿನ ಜನಕ್ಕೆ ಮದುವೆ, ಮಣ್ಣು ಎಲ್ಲ ನಡೀಲೇಬೇಕಲ್ಲ.

ಆದರೆ ನಿಮ್ಮೂರಿಗೆ ಬಂದಿದ್ದ ವಿಕಾರ್ ಜನರಲ್ ಕಥೆ ಉಲ್ಟಾ. ಅವರು ಬಿಷಪ್ ಪರವಾಗಿ ಇಡೀ ಧರ್ಮಪ್ರಾಂತ್ಯದ ಆಡಳಿತ ನೋಡೋರು, ಕನ್ನಡದಲ್ಲಿ ಶ್ರೇಷ್ಠಗುರು ಅಂತ ಬರೀತಾರೆ. 1983ರ ಚರ್ಚ್ ಕಾನೂನಿನ ಪ್ರಕಾರ ಪ್ರತಿ ಬಿಷಪ್ ಒಬ್ಬ ವಿಕಾರ್ ಜನರಲ್‌ನ ನೇಮಿಸಲೇಬೇಕು, ವಯಸ್ಸು 30ಕ್ಕೆ ಕಮ್ಮಿ ಇರಬಾರದು. ಆದರೆ ಬಿಷಪ್ ತೀರಿಕೊಂಡ್ರೋ, ವರ್ಗ ಆದ್ರೋ, ಇವರ ಹುದ್ದೆನೂ ಅವತ್ತಿಗೇ ಮುಗೀತು. ಯಾರ ಪರವಾಗಿ ಇದ್ರೋ ಅವರೇ ಇಲ್ಲ ಅಂದ್ಮೇಲೆ ಪರವಾಗಿ ಏನು? ಆಮೇಲೆ ಧರ್ಮಪ್ರಾಂತ್ಯದ ಸಲಹಾ ಮಂಡಳಿಯ ಗುರುಗಳು, ಅಂದ್ರೆ ಪಾದ್ರಿಗಳು, 8 ದಿನದೊಳಗೆ ಸೇರಿ ಒಬ್ಬ ಆಡಳಿತಗಾರರನ್ನ ಆರಿಸ್ತಾರೆ, ಅದು ಹಳೇ ವಿಕಾರ್ ಜನರಲ್ಲೇ ಆಗಬಹುದು, ಆಗದೇನೂ ಇರಬಹುದು.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಯಾರಾದ್ರೂ ಒಂದು ಅನುಮತಿ ಕೇಳಿದಾಗ ವಿಕಾರ್ ಜನರಲ್ ಆಗಲ್ಲ ಅಂದ್ರು ಅನ್ನಿ, ಆ ಮನುಷ್ಯ ಸುಮ್ನೆ ಬಿಷಪ್ ಹತ್ರ ಹೋಗಿ, ಅಲ್ಲಿ ಆಗಲ್ಲ ಅಂದಿದ್ರು ಅನ್ನೋದನ್ನ ಮುಚ್ಚಿಟ್ಟು ಅದೇ ಅನುಮತಿ ಗಿಟ್ಟಿಸ್ಕೊಂಡ್ರೆ ಆ ಅನುಮತಿ ಅಸಿಂಧು. ಮುಚ್ಚಿಡದೆ ಹೇಳಿ ಬಿಷಪ್ ಕೊಟ್ರೆ ಪರವಾಗಿಲ್ಲ. ಆ ಕಾನೂನು ಬರೆದವರಿಗೆ ಜನ ಹೇಗೆ ಅಂತ ಚೆನ್ನಾಗಿ ಗೊತ್ತಿತ್ತು.

ಮುಂದಿನ ಸಲ ಪತ್ರಿಕೆ ಹಾಕಿಸುವಾಗ ಶ್ರೇಷ್ಠಗುರು ಅಂತಲೇ ಹಾಕಿಸಿ, ಪ್ರೆಸ್‌ನವರು ಅದನ್ನ ಕೆಡಿಸೋದು ಕಷ್ಟ.

ಪ್ರಶ್ನೆ: ನಾವು ಮನೇಲಿ ಕೊಂಕಣಿ ಮಾತಾಡೋ ಕ್ರಿಶ್ಚಿಯನ್ನರು. ನಮಗೆ 'ವಿಗಾರ್ ಬಾಪ್' ಅಂದ್ರೆ ಇಗರ್ಜಿಯ ದೊಡ್ಡ ಫಾದರ್, ಅವರ ಕೈ ಕೆಳಗೆ ಸಹಾಯಕ ಧರ್ಮಗುರು. ಮಗಳ ಮದುವೆ ಕಾಗದಪತ್ರಕ್ಕೆ ಅಂತ ಬೇರೆ ರಾಜ್ಯದ ಚರ್ಚ್ ಒಂದಕ್ಕೆ ಹೋದ್ರೆ ಅಲ್ಲಿ ಬಾಗಿಲ ಮೇಲೆ 'ಪರೋಕಿಯಲ್ ವಿಕಾರ್' ಅಂತ ಬೋರ್ಡ್, ಒಳಗೆ ಸಣ್ಣ ವಯಸ್ಸಿನ ಫಾದರ್, ಕೇಳಿದ್ರೆ ಇದಕ್ಕೆ ಸಹಿ ದೊಡ್ಡ ಫಾದರ್ ಬಂದ್ಮೇಲೆ ಅಂದ್ರು. ವಿಗಾರೇ ಇದ್ದಾಗ ಇನ್ನು ಯಾವ ದೊಡ್ಡ ಫಾದರ್? (ಓದುಗರು, ಬಂಟ್ವಾಳ)

ನಿಮ್ಮದೂ ಸರಿ, ಆ ಸಣ್ಣ ಫಾದರ್‌ದೂ ಸರಿ. ಚರ್ಚ್ ಕಾನೂನಿನ ಲ್ಯಾಟಿನ್‌ನಲ್ಲಿ ಪ್ಯಾರಿಶ್‌ನ (ಒಂದು ಚರ್ಚಿಗೆ ಸೇರಿದ ಸೀಮೆ) ಮುಖ್ಯ ಗುರುವಿಗೆ ಪಾರೊಕುಸ್ ಅಂತಾರೆ, ಅವರ ಸಹಾಯಕ್ಕೆ ಅವರ ಪರವಾಗಿ ಕೆಲಸ ಮಾಡೋರು ಪರೋಕಿಯಲ್ ವಿಕಾರ್. ಅಂದ್ರೆ ಕಾನೂನು ಪುಸ್ತಕದ ವಿಕಾರ್ ನಿಮ್ಮ ಲೆಕ್ಕದ ಸಹಾಯಕ ಧರ್ಮಗುರು. ಕರಾವಳಿಲಿ ಪದ ಬಂದಿದ್ದು ಆ ಪುಸ್ತಕದಿಂದ ಅಲ್ಲ, ಪೋರ್ಚುಗೀಸರಿಂದ. ಅವರ ವಿಗಾರಿಯೋ ಅಂದ್ರೆ ಬಿಷಪ್ ಪರವಾಗಿ ಒಂದು ಇಗರ್ಜಿ ನೋಡಿಕೊಳ್ಳೋ ಗುರು, ಗೋವಾದಲ್ಲಿ ಅದು ವಿಗಾರ್ ಆಯ್ತು, ಮಂಗಳೂರಿಗೂ ಹಾಗೇ ಬಂತು, ಪ್ಯಾರಿಶ್ ಅನ್ನೋದಕ್ಕೆ ಅವರು ಹೇಳ್ತಿದ್ದ ಫ್ರೆಗೆಸಿಯಾ ಅನ್ನೋದು ಫಿರ್ಗಜ್ ಆದ ಹಾಗೆ. ಒಂದು ಕಡೆ ಬಿಷಪ್ ಪರವಾಗಿ, ಇನ್ನೊಂದು ಕಡೆ ಪ್ಯಾರಿಶ್ ಗುರುವಿನ ಪರವಾಗಿ, ಅಷ್ಟೇ ವ್ಯತ್ಯಾಸ. ನಿಮ್ಮ ಪಕ್ಕದ ಬೆಳ್ತಂಗಡಿ ಕಡೆ ಮಲಯಾಳಿ ಮನೆಗಳಲ್ಲಿ 'ವಿಕಾರಿ ಅಚ್ಚನ್' ಅಂತಾರೆ, ಅಲ್ಲೂ ಚರ್ಚಿನ ಮುಖ್ಯ ಗುರುನೇ. ನಮಗೆ ವಿಕಾರಿ ಅಂದ್ರೆ ಸಂವತ್ಸರದ ಹೆಸರು, 2019ರ ಯುಗಾದಿಗೆ ಬಂದು ಹೋಯ್ತು, ಅವರಿಗೆ ಪ್ರತಿ ಭಾನುವಾರ ಬರುತ್ತೆ.

ನಿಮ್ಮ ಕಡೆ ಹತ್ತಾರು ಫಿರ್ಗಜ್ ಸೇರಿಸಿ ವಾರಾಡೊ ಅಂತ ಮಾಡಿ ಅದಕ್ಕೊಬ್ಬ ಮುಖ್ಯಸ್ಥರು ಇರ್ತಾರಲ್ಲ, ಅವರಿಗೂ ಕಾನೂನಲ್ಲಿ ವಿಕಾರ್ ಫೊರೇನ್ ಅಂತ ಹೆಸರು, ಪೇಟೆಯಿಂದ ಹೊರಗಿನ ಸೀಮೆಲಿ ಬಿಷಪ್ ಪರವಾಗಿ ಇರೋರು ಅಂತ. ಸಂತ ಜೋಸೆಫ್ ವಾಜ್ ಇದೇ ಹುದ್ದೆ ಮೇಲೆ ಮಂಗಳೂರಿಗೆ ಬಂದಿದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಒಂದು ಪದ ಎಷ್ಟು ಜಗಳ ತರಬಹುದು ಅಂತ ಇಲ್ಲಿ ಕಾಣುತ್ತೆ. ಗೋವಾದ ಬೆನೌಲಿಮ್‌ನಲ್ಲಿ 1651ರಲ್ಲಿ ಹುಟ್ಟಿದ ವಾಜ್ 1681ರಲ್ಲಿ ಕೆನರಾ ಸೀಮೆಯ ವಿಕಾರ್ ಫೊರೇನ್ ಆಗಿ ಬಂದ್ರು. ಆಗ ಈ ಕಡೆ ಕೆಳದಿ ಚೆನ್ನಮ್ಮನ ಆಳ್ವಿಕೆ. ಇವರು ಬರೋ ಹೊತ್ತಿಗೆ ಇಲ್ಲಿ ಇನ್ನೊಬ್ಬರು ವಿಕಾರ್ ಆಗಲೇ ಇದ್ರು, ಬಿಷಪ್ ಥೋಮಸ್ ದೆ ಕ್ಯಾಸ್ಟ್ರೋ, ವಿಕಾರ್ ಅಪೊಸ್ತೋಲಿಕ್. ವಾಜ್ ಗೋವಾದ ಆರ್ಚ್‌ಬಿಷಪ್ ಪರವಾಗಿ, ಕ್ಯಾಸ್ಟ್ರೋ ನೇರವಾಗಿ ರೋಮ್‌ನ ಪೋಪ್ ಪರವಾಗಿ. ಗೋವಾದವರು ಈ ಕ್ಯಾಸ್ಟ್ರೋನ ಒಪ್ಪೋದಕ್ಕೆ ತಯಾರಿರಲಿಲ್ಲ, ಪೂರ್ವದ ಚರ್ಚುಗಳ ಮೇಲಿನ ಹಕ್ಕು ಹಿಂದಿನ ಪೋಪ್‌ಗಳೇ ಪೋರ್ಚುಗಲ್ ರಾಜನಿಗೆ ಬರ್ಕೊಟ್ಟಿದ್ದಾರೆ ಅನ್ನೋದು ಅವರ ವಾದ. ಜನ ಎರಡು ಪಾಳಯ ಆದ್ರು. ಇದು ಬರೀ ದೊಡ್ಡೋರ ಪ್ರತಿಷ್ಠೆ ಆಗಿದ್ರೆ ಜನ ತಲೆ ಕೆಡಿಸ್ಕೋತಿರಲಿಲ್ಲ, ಆದರೆ ಯಾವ ವಿಕಾರ್ ಖರೆ ಅನ್ನೋದರ ಮೇಲೆ ನಿಮ್ಮ ಮದುವೆ ಸಿಂಧುನಾ, ಪಾಪನಿವೇದನೆ ಸಿಂಧುನಾ ಅನ್ನೋದು ನಿಂತಿತ್ತು, ಅದು ಮನೆ ಒಳಗಿನ ವಿಷಯ. ವಾಜ್ ಎದುರು ಪಾಳಯ ಅಂತ ಬೈಕೊಂಡು ಕೂರದೆ ಕ್ಯಾಸ್ಟ್ರೋ ಜೊತೆ ಕೂತು ಮಾತಾಡಿ ಜಗಳ ತಣ್ಣಗೆ ಮಾಡೋ ಕೆಲಸಕ್ಕೆ ಕೈ ಹಾಕಿದ್ರು. 1684ರಲ್ಲಿ ಇಲ್ಲಿಂದ ಗೋವಾಕ್ಕೆ ವಾಪಸ್, ಆಮೇಲೆ ಶ್ರೀಲಂಕಾ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ್ರು. 2015ರ ಜನವರಿ 14ಕ್ಕೆ ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಸಂತ ಅಂತ ಘೋಷಿಸಿದ್ರು. ಮುಡಿಪುವಿನ ಅವರ ಕ್ಷೇತ್ರ ನಿಮಗೆ ಗೊತ್ತೇ ಇರುತ್ತೆ.

ಪ್ರಶ್ನೆ: ಒಂದು ಹಳೇ ಪುಸ್ತಕದಾಗ 'ಬಿಜಾಪುರದ ವಿಕಾರ್ ಅಪೊಸ್ತೋಲಿಕ್' ಅಂತ ಓದಿದೆ. ಆದಿಲಶಾಹಿ ಕಾಲದಾಗ ನಮ್ಮ ಊರಿಗೆ ಕ್ರೈಸ್ತ ಬಿಷಪ್ ಇದ್ರೇನ್ರಿ? ಗೋಳಗುಮ್ಮಟದ ಗೈಡ್‌ಗೆ ಕೇಳಿದ್ರ ನಕ್ಕ. (ಓದುಗರು, ವಿಜಯಪುರ)

ಗೈಡ್ ನಗೋದು ಬೇಡ, ಇದ್ರು. ಊರೊಳಗೆ ಅಲ್ಲ, ರಾಜ್ಯದೊಳಗೆ. ಗೋವಾದ ದಿವಾರ್ ದ್ವೀಪದ ಬ್ರಾಹ್ಮಣ ಮೂಲದ ಮನೆತನದ ಮಟೆವುಸ್ ದೆ ಕ್ಯಾಸ್ಟ್ರೋ ಅಂತ ಒಬ್ಬರು, ಗೋವಾದಲ್ಲಿ ಇವರಿಗೆ ಗುರುದೀಕ್ಷೆ ಕೊಡಕ್ಕೆ ಒಪ್ಪಲಿಲ್ಲ, ಮನುಷ್ಯ ಸುಮ್ಮನಾಗದೆ ರೋಮ್‌ಗೇ ಹೋಗಿ ಅಲ್ಲಿ ಓದಿ ಗುರು ಆದ್ರು, 1637ರಲ್ಲಿ ಬಿಷಪ್ಪೂ ಆದ್ರು, ಲ್ಯಾಟಿನ್ ಪದ್ಧತಿಯ ಮೊದಲ ಭಾರತೀಯ ಬಿಷಪ್ ಇವರು. ಅವರಿಗೆ ಕೊಟ್ಟ ಸೀಮೆ ಹೆಸರು 'ಇದಲ್ಕಾನ್'. ಏನು ಅಂತ ಹೊಳೀತಾ? ಆದಿಲ್ ಖಾನ್, ಪೋರ್ಚುಗೀಸರ ಬಾಯಲ್ಲಿ ಹಾಗಾಗಿದೆ. ಆಗ ಪಟ್ಟದಲ್ಲಿದ್ದಿದ್ದು ಮಹಮ್ಮದ್ ಆದಿಲ್ ಶಾ, ಅದೇ ಗೋಳಗುಮ್ಮಟದೊಳಗೆ ಮಲಗಿರೋರು. ಬಿಷಪ್ ಇದ್ದಿದ್ದು ಗೋವಾ ಗಡಿ ಹತ್ರದ ಬಿಚೋಲಿಯಲ್ಲಿ, ಅದು ಆಗ ಬಿಜಾಪುರದವರ ಕೈಲಿತ್ತು, ಪೋರ್ಚುಗೀಸರು ಕೈ ಹಾಕೋ ಹಾಗಿರಲಿಲ್ಲ. ಅವರಿಗೂ ಗೋವಾದವರಿಗೂ ಕೊನೆ ತನಕ ಎಣ್ಣೆ ಸೀಗೇಕಾಯಿ.

ಸೀದಾ 'ಬಿಜಾಪುರದ ಬಿಷಪ್' ಅನ್ನದೆ ವಿಕಾರ್ ಅಂದಿದ್ದು ಯಾಕೆ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ, ಇರೋ ಸ್ವಾರಸ್ಯ ಎಲ್ಲ ಅಲ್ಲೇ. ಪೂರ್ವದಲ್ಲಿ ಹೊಸ ಧರ್ಮಪ್ರಾಂತ್ಯ ಮಾಡ್ಬೇಕು ಅಂದ್ರೆ ಪೋರ್ಚುಗಲ್ ರಾಜನ ಒಪ್ಪಿಗೆ ಬೇಕಿತ್ತು, ರಾಜ ಒಪ್ಪಲ್ಲ. ರೋಮ್‌ನವರು ಮಿಷನ್ ಕೆಲಸಕ್ಕೆ ಅಂತಲೇ 1622ರಲ್ಲಿ ಪ್ರೊಪಗಾಂಡಾ ಅನ್ನೋ ಇಲಾಖೆ ತೆರೆದಿದ್ರು, ಅವರು ಕಂಡುಕೊಂಡ ದಾರಿ ಅಂದ್ರೆ, ಹೊಸ ಧರ್ಮಪ್ರಾಂತ್ಯ ಮಾಡೋದೇ ಬೇಡ, ಎಲ್ಲೋ ಹಾಳುಬಿದ್ದ ಹಳೇ ಊರಿನ ಹೆಸರಲ್ಲಿ ಒಬ್ಬರನ್ನ ಬಿಷಪ್ ಮಾಡಿ, ಇಲ್ಲಿಗೆ ಪೋಪ್ ಪರವಾಗಿ ಅಂತ ಕಳಿಸೋದು. ಮಟೆವುಸ್ ಕಾಗದದ ಮೇಲೆ ಕ್ರಿಸೊಪೊಲಿಸ್ ಅನ್ನೋ ಊರಿನ ಬಿಷಪ್. ಆ ಊರನ್ನ ಅವರು ನೋಡಬೇಕಾಗೂ ಇರಲಿಲ್ಲ. ರಾಜ ಏನಂತ ತಕರಾರು ತೆಗೀತಾನೆ? ವಕೀಲರ ಬುದ್ಧಿ.

ಈ ಏರ್ಪಾಟು ಆಮೇಲೆ ನಮ್ಮ ಕಡೆ ಬಹಳ ಕಾಲ ನಡೀತು. ಮೈಸೂರು 1850ರಲ್ಲಿ, ಮಂಗಳೂರು 1853ರಲ್ಲಿ ಅಪೊಸ್ತೋಲಿಕ್ ವಿಕಾರಿಯೇಟ್ (ಇಂಥ ವಿಕಾರ್ ನೋಡ್ಕೊಳ್ಳೋ ಸೀಮೆ) ಆದವು, 1886ರ ಸೆಪ್ಟೆಂಬರ್ 1ಕ್ಕೆ ಹದಿಮೂರನೇ ಲಿಯೋ ಪೋಪ್ ಕಾಲದಲ್ಲಿ ಎರಡೂ ಪೂರ್ಣ ಧರ್ಮಪ್ರಾಂತ್ಯ ಆದವು. ಹಳೇ ಚರ್ಚುಗಳ ಕಲ್ಲಿನ ಮೇಲೆ 1886ಕ್ಕೆ ಮುಂಚಿನ ತಾರೀಖಿದ್ರೆ ಬಿಷಪ್ ಹೆಸರಿನ ಜೊತೆ ವಿಕಾರ್ ಅಪೊಸ್ತೋಲಿಕ್ ಅಂತ ಇದೆಯಾ ನೋಡಿ.

ಪ್ರಶ್ನೆ: ಇಂಗ್ಲಿಷ್ ಕಾದಂಬರಿಗಳಲ್ಲಿ ವಿಕಾರ್‌ಗೆ ಹೆಂಡತಿ ಮಕ್ಕಳು ಎಲ್ಲ ಇರ್ತಾರೆ, ಟೀ ಕುಡೀತಾ ಇರ್ತಾರೆ. ಒಂದೂರಲ್ಲಿ ವಿಕಾರ್, ಪಕ್ಕದೂರಲ್ಲಿ ರೆಕ್ಟರ್, ಮನೇಲಿ ಬಾಡಿಗೆಗೆ ಕ್ಯೂರೇಟ್. ಇವರಲ್ಲಿ ಯಾರು ಮೇಲೆ? (ಓದುಗರು, ಮೈಸೂರು)

ಹೆಂಡತಿ ಮಕ್ಕಳ ವಿಷಯ ಸುಲಭ, ಅದು ಚರ್ಚ್ ಆಫ್ ಇಂಗ್ಲೆಂಡ್, ರೋಮ್‌ನಿಂದ ಬೇರೆ ಆದ ಮೇಲೆ 1549ರಲ್ಲಿ ಪಾದ್ರಿಗಳ ಮದುವೆಗೆ ಕಾನೂನು ಒಪ್ಪಿಗೆ ಕೊಟ್ತು. 1994ರಿಂದ ಹೆಂಗಸರೂ ಅಲ್ಲಿ ಪಾದ್ರಿ ಆಗ್ತಾರೆ, ವಿಕಾರ್ ಆಗ್ತಾರೆ.

ರೆಕ್ಟರ್, ವಿಕಾರ್ ವ್ಯತ್ಯಾಸ ಭಕ್ತಿದಲ್ಲ, ಭತ್ಯದ್ದು! ಅಲ್ಲಿನ ರೈತರು ಬೆಳೆದಿದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚ್‌ಗೆ ಕೊಡ್ಬೇಕಿತ್ತು, ದಶಮಾಂಶ ಅಂತಾರಲ್ಲ ಅದು. ಊರಿನ ಪಾದ್ರಿಗೆ ಪೂರ್ತಿ ಪಾಲು ಸಿಕ್ಕಿದ್ರೆ ಅವರು ರೆಕ್ಟರ್. ಆದರೆ ಎಷ್ಟೋ ಊರಿನ ಚರ್ಚನ್ನ ದೊಡ್ಡ ಮಠಗಳಿಗೆ ದಾನ ಬರ್ಕೊಟ್ಟಿದ್ರು, ಆಗ ಕಾನೂನು ಪ್ರಕಾರ ಮಠವೇ ರೆಕ್ಟರ್. ಮಠದ ಸನ್ಯಾಸಿಗಳು ಊರಿಗೆ ಬಂದು ಮದುವೆ ನಾಮಕರಣ ಮಾಡ್ತಾ ಕೂರ್ತಾರಾ, ತಮ್ಮ ಪರವಾಗಿ ಒಬ್ಬ ಪಾದ್ರಿನ ಇಟ್ರು, ಅವನೇ ವಿಕಾರ್. ಗೋಧಿ, ಬಾರ್ಲಿ, ಹುಲ್ಲು, ಮರದ ಪಾಲು ಮಠಕ್ಕೆ ಹೋಗ್ತಿತ್ತು, ಅದು ದೊಡ್ಡ ದಶಮಾಂಶ. ವಿಕಾರ್‌ಗೆ ಸಾಮಾನ್ಯವಾಗಿ ಸಿಗ್ತಿದ್ದಿದ್ದು ಸಣ್ಣದು: ತರಕಾರಿ, ಹಣ್ಣು, ಕೋಳಿ, ಮೊಟ್ಟೆ, ಹಂದಿಮರಿ, ಜೇನು. ಆಲೋಚನೆ ಮಾಡಿ, ಭಾನುವಾರ ಪ್ರವಚನ ಕೊಟ್ಟು ಸೋಮವಾರ ಅದೇ ಭಕ್ತರ ಮನೆ ಮುಂದೆ ಹತ್ತರಲ್ಲಿ ಒಂದು ಮೊಟ್ಟೆಗೆ ನಿಲ್ಲೋ ಪಾಡು. ಗೋಧಿಯಾದ್ರೆ ಗದ್ದೆಲಿ ರಾಶಿ ಎಣಿಸಬಹುದು, ಬಚ್ಚಿಡಕ್ಕಾಗಲ್ಲ, ಮೊಟ್ಟೆಗೆ ಲೆಕ್ಕ ಇಡೋರು ಯಾರು, ಹಾಗಾಗಿ ಜಗಳ ಎಲ್ಲ ವಿಕಾರ್ ಪಾಲಿಗೆ. ಸಹಾಯಕ್ಕೆ ಕೊಡೋ ಸಂಬಳದಲ್ಲೂ ಮಠಗಳು ಜಿಪುಣತನ ಮಾಡ್ತಿದ್ರು ಅಂತಲೇ 1215ರಲ್ಲಿ ರೋಮ್‌ನಲ್ಲಿ ಸೇರಿದ ಲ್ಯಾಟರನ್ ಅನ್ನೋ ಚರ್ಚ್ ಸಭೆ, ವಿಕಾರ್‌ಗ‌ೆ ಬದುಕೋಷ್ಟು ಪಾಲು ಕೊಡಲೇಬೇಕು, ಮನಸ್ಸು ಬಂದಾಗ ಕಿತ್ತುಹಾಕೋ ಹಾಗಿಲ್ಲ ಅಂತ ನಿಯಮ ಮಾಡ್ತು.

ಇಂಗ್ಲೆಂಡ್ ರಾಜ ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನ ಮುಚ್ಚಿಸಿದ, ಅವುಗಳ ಆಸ್ತಿ ಜೊತೆಗೆ ರೆಕ್ಟರ್ ಹಕ್ಕೂ ಆ ದೊಡ್ಡ ಪಾಲೂ ಬಹಳಷ್ಟು ಜಮೀನ್ದಾರರ ಕೈಗೆ ಹೋಯ್ತು. ಹೀಗೆ ಜಪ ತಪ ಏನೂ ಗೊತ್ತಿಲ್ಲದ ಜಮೀನ್ದಾರ 'ರೆಕ್ಟರ್' ಆದ, ನಿಜವಾಗಿ ಪೂಜೆ ಮಾಡೋನು ಬದಲಿ ಆಳಾಗೇ ಉಳಿದ. (ಈ ಕೆಲಸಕ್ಕೆ ಹೆನ್ರಿ 1535ರಲ್ಲಿ ತನ್ನ ಪರವಾಗಿ ಚರ್ಚ್ ನೋಡ್ಕೊಳ್ಳೋ ವಿಕಾರ್ ಜನರಲ್ ಮಾಡಿದ್ದು ಥಾಮಸ್ ಕ್ರಾಮ್‌ವೆಲ್‌ನ, ಅವನು ಪಾದ್ರಿಯೂ ಅಲ್ಲ, ವಕೀಲಿಕೆ ಮಾಡ್ಕೊಂಡಿದ್ದೋನು.) 1836ರ ಕಾನೂನು ಬಂದು ಮೊಟ್ಟೆ ಗೋಧಿ ಎಲ್ಲ ನಗದಾಯ್ತು, 1936ರಲ್ಲಿ ಅದೂ ರದ್ದು. ಆದರೂ ಬಾಲ ಉಳಿದಿದೆ: ರೆಕ್ಟರ್ ಹಕ್ಕಿನ ಜಮೀನು ಕೊಂಡೋರು ಚರ್ಚಿನ ಬಲಿಪೀಠ ಇರೋ ಭಾಗದ ರಿಪೇರಿ ಖರ್ಚು ಕೆಲವು ಕಡೆ ಕೊಡ್ಬೇಕಾಗಿ ಬರಬಹುದು. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಊರಲ್ಲಿ ಹೀಗೇ ಹೊಲಮನೆ ಇದ್ದ ದಂಪತಿ ಮೇಲೆ ಚರ್ಚ್‌ನವರು ಕೇಸ್ ಹಾಕಿ, 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತಿ ಮೇಲಿನ ಕೋರ್ಟ್) ತನಕ ಹೋಗಿ ಗೆದ್ದರು. ನಾನು ಅಲ್ಲಿ ಜಮೀನು ಕೊಳ್ಳೋ ಸ್ಥಿತಿಲಿ ಇಲ್ಲ, ನಿಮಗೆ ಆ ಯೋಗ ಇದ್ರೆ ಪತ್ರ ಸರಿಯಾಗಿ ನೋಡ್ಕೊಳ್ಳಿ.

ಇವತ್ತು ಅಲ್ಲಿ ರೆಕ್ಟರ್‌ಗೂ ವಿಕಾರ್‌ಗೂ ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ, ಊರಿನ ಇತಿಹಾಸದಿಂದ ಅಂಟಿಕೊಂಡಿರೋ ಹೆಸರು ಅಷ್ಟೇ. ಕ್ಯೂರೇಟ್ ಈಗ ಇವರಿಬ್ಬರ ಕೈ ಕೆಳಗೆ ಕೆಲಸ ಕಲಿಯೋ ಹೊಸಬ. ನಮ್ಮಲ್ಲಿ 1947ರಲ್ಲಿ ಆಂಗ್ಲಿಕನ್ನರೂ (ಚರ್ಚ್ ಆಫ್ ಇಂಗ್ಲೆಂಡ್ ಪಂಥದವರು) ಬೇರೆಯವರೂ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಕಾಗದದಲ್ಲಿ ಪ್ರೆಸ್ಬಿಟರ್ ಅನ್ನೋದು ಬಂತು, ಕನ್ನಡದ ಸಭೆಗಳಲ್ಲಿ ಸಭಾಪಾಲಕರು ಅಂತಾರೆ, ವಿಕಾರ್ ಗೊಡವೆನೇ ಇಲ್ಲ.

ಅಂದಹಾಗೆ ಇಂಗ್ಲಿಷಲ್ಲಿ 'ಬ್ರೇ ಊರಿನ ವಿಕಾರ್' ಅಂತ ಒಂದು ಬೈಗುಳ ಇದೆ. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್ ನಾಲ್ಕೂ ಜನರ ಕಾಲದಲ್ಲಿ ರಾಜ್ಯದ ಧರ್ಮ ಆಕಡೆ ಈಕಡೆ ಹೊರಳಿದ ಹಾಗೆಲ್ಲ ಈ ಪುಣ್ಯಾತ್ಮನೂ ಹೊರಳಿ ಕುರ್ಚಿ ಉಳಿಸ್ಕೊಂಡನಂತೆ, ಯಾರೋ ಕೇಳಿದ್ದಕ್ಕೆ ನನ್ನ ನಿಷ್ಠೆ ಒಂದೇ, ಬ್ರೇ ವಿಕಾರ್ ಆಗೇ ಸಾಯೋದು ಅಂದನಂತೆ. ನಮ್ಮ ಚುನಾವಣೆ ಸೀಸನ್‌ನಲ್ಲಿ ಇಂಥವರಿಗೆ ಬರ ಇಲ್ಲ.

ಪ್ರಶ್ನೆ: ನಾವು ಡೆನ್ಮಾರ್ಕ್‌ನಲ್ಲಿದೀವಿ. ಮಗನ ಸ್ಕೂಲಿಂದ 'ಇವತ್ತು ಗಣಿತಕ್ಕೆ ವಿಕಾರ್ ಬರ್ತಾರೆ' ಅಂತ ಮೆಸೇಜ್ ಬಂತು. ಸರ್ಕಾರಿ ಸ್ಕೂಲಲ್ಲಿ ಗಣಿತ ಪಾಠಕ್ಕೆ ಪಾದ್ರಿ ಯಾಕೆ ಅಂತ ನಮ್ಮವರು ಒಂದೇ ಸಮ ಗೊಣಗ್ತಿದ್ದಾರೆ. (ಓದುಗರು, ಕೋಪನ್‌ಹೇಗನ್)

ಯಜಮಾನರಿಗೆ ಸಮಾಧಾನ ಹೇಳಿ. ಡೇನಿಷ್, ನಾರ್ವೇಜಿಯನ್‌ನಲ್ಲಿ ವಿಕಾರ್ ಅಂದ್ರೆ ರಜೆ ಮೇಲೆ ಹೋದವರ ಬದಲಿಗೆ ಬಂದೋರು, ಟೀಚರ್ ಆಗಬಹುದು, ನರ್ಸ್ ಆಗಬಹುದು. ಸ್ವೀಡಿಷ್‌ನಲ್ಲಿ ವಿಕಾರಿಯೆ. ಅಲ್ಲಿ ದೇವರು ಹೋಗಿ ಬರೀ 'ಬದಲಿ' ಉಳ್ಕೊಂಡಿದೆ, ಒಂಥರಾ ಪದ ತವರಿಗೆ ವಾಪಸ್ ಬಂದಂಗೆ. ಜರ್ಮನಿಗೆ ವರ್ಗ ಆದ್ರೆ ಮಾತ್ರ ಹುಷಾರು, ಅಲ್ಲಿನ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ವಿಕಾರ್ ಅಂದ್ರೆ ದೇವಶಾಸ್ತ್ರದ ಓದು ಮುಗಿಸಿ ಟ್ರೈನಿಂಗ್‌ನಲ್ಲಿರೋ ಪಾದ್ರಿ, ಅವರು ಸ್ಕೂಲಿಗೂ ಬರ್ತಾರೆ, ಗಣಿತಕ್ಕಲ್ಲ, ಧರ್ಮದ ಪಾಠಕ್ಕೆ.

ಪ್ರಶ್ನೆ: ನಾ ಲಾ ಓದಾಕತ್ತೀನ್ರಿ. ನಮ್ಮ ಸಿಲೆಬಸ್‌ನ್ಯಾಗ 'ವೈಕೇರಿಯಸ್ ಲಯಬಿಲಿಟಿ' ಐತಿ. ಇದೂ ಅದೇ ಪದ ಏನ್ರಿ? ಪರೀಕ್ಷಾದಾಗ ಬರೀಲಿಕ್ಕೆ ಒಂದೆರಡು ಕೇಸ್ ಹೇಳ್ರಲಾ. (ಓದುಗರು, ಧಾರವಾಡ)

ಅದೇ ಪದ, ಆದರೆ ದಿಕ್ಕು ತಿರುಗಿದೆ. ಚರ್ಚ್‌ನಲ್ಲಿ ವಿಕಾರ್ ಅಂದ್ರೆ ಮೇಲಿನವರ ಪರವಾಗಿ ಅಧಿಕಾರ ನಡೆಸೋನು, ಇಲ್ಲಿ ಕೆಳಗಿನವನು ಮಾಡಿದ ತಪ್ಪನ್ನ ಮೇಲಿನವನು ಹೊರ್ಬೇಕು. ಡ್ರೈವರ್ ಗುದ್ದಿದ್ರೆ ಮಾಲೀಕ ಪರಿಹಾರ ಕಟ್ಟೋದು ಇದರಿಂದಲೇ. 1962ರ ರಾಜಸ್ಥಾನ ಸರ್ಕಾರ ಮತ್ತು ವಿದ್ಯಾವತಿ ಕೇಸ್ ಬರೀರಿ: ಉದಯಪುರದ ಕಲೆಕ್ಟರ್ ಅವರ ಸರ್ಕಾರಿ ಜೀಪು ರಿಪೇರಿ ಮುಗಿಸ್ಕೊಂಡು ವರ್ಕ್‌ಶಾಪಿಂದ ವಾಪಸ್ ತರುವಾಗ ಡ್ರೈವರ್ ಬೇಜವಾಬ್ದಾರಿಯಿಂದ ಓಡಿಸಿ ದಾರಿಲಿ ನಡ್ಕೊಂಡು ಹೋಗ್ತಿದ್ದೋರಿಗೆ ಗುದ್ದಿದ, ಅವರು ತೀರಿಕೊಂಡ್ರು, ಸರ್ಕಾರವೇ ಪರಿಹಾರ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಅದರ ಪಕ್ಕದಲ್ಲೇ ಕಸ್ತೂರಿ ಲಾಲ್ ಕೇಸ್ ಇಡಿ, ಅದು 1965ರ ರಿಪೋರ್ಟ್‌ನಲ್ಲಿದೆ. ಮೀರಟ್ ಪೊಲೀಸರು ಒಬ್ಬ ವ್ಯಾಪಾರಿಯ ಬಂಗಾರ ವಶಕ್ಕೆ ತಗೊಂಡ್ರು, ಹೆಡ್ ಕಾನ್‌ಸ್ಟೇಬಲ್ ಅದನ್ನ ಹೊತ್ಕೊಂಡು ಪಾಕಿಸ್ತಾನಕ್ಕೆ ಪರಾರಿ ಆದ, ಇಲ್ಲಿ ಮಾತ್ರ ಸರ್ಕಾರ ಹೊಣೆ ಅಲ್ಲ ಅಂದ್ರು, ಯಾಕಂದ್ರೆ ವಶಕ್ಕೆ ತಗೊಳ್ಳೋದು ಸಾರ್ವಭೌಮ ಅಧಿಕಾರದ, ಅಂದ್ರೆ ಸರ್ಕಾರ ಮಾತ್ರ ಮಾಡಬಹುದಾದ ಕೆಲಸ, ಜೀಪು ಓಡಿಸೋದು ಅಲ್ಲ. ಈ ತೀರ್ಪು ನನಗೆ ಯಾವತ್ತೂ ಸರಿ ಕಂಡಿಲ್ಲ, ಆಮೇಲಿನ ತೀರ್ಪುಗಳು ಅದನ್ನ ಬಹಳ ಸಡಿಲ ಮಾಡಿವೆ, ಅದನ್ನೂ ಬರೀರಿ. ಎರಡೂ ಕೇಸ್‌ನಲ್ಲಿ ಪರೀಕ್ಷಕರು ಹುಡುಕೋದು 'ಕೆಲಸದ ವ್ಯಾಪ್ತಿಯೊಳಗೆ' ಅನ್ನೋ ಮಾತು, ಅದು ಮೊದಲ ಸಾಲಲ್ಲೇ ಇರಲಿ.